ಮೇಷ್ಟ್ರ ಕಾರಿನ ಬ್ಯಾಟರಿ

ಒಂದು ಬ್ಯಾಟರಿಯ ದೆಸೆಯಿಂದ ನಾನು ಒಬ್ಬ ಒಳ್ಳೆಯ ಮೆಕ್ಯಾನಿಕ್ಕಿನ ಹೆಸರು ಕೆಡಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಊರ ಸುದ್ದಿಯೆಲ್ಲ ಹೇಳಿ, ನನ್ನ ತಪ್ಪನ್ನು ಕೊನೆಗೆ ಮೆಲ್ಲಗೆ ಸೇರಿಸಿ ಸಂಭಾವಿತನಾಗುವ ಚಾಳಿ ನನಗಿದೆ ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಈ ಸಲ ಅದಕ್ಕೆ ಅವಕಾಶ ಕೊಡಬಾರದು ಅಂತಲೇ ಬರೆಯಲು ಕುಳಿತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠವನ್ನು ವರ್ಷಾವರ್ಷ ಮಾಡುತ್ತಾ ಬಂದವನು. ಬೋರ್ಡಿನ ಮೇಲೆ ಬ್ಯಾಟರಿ, ಬಲ್ಬು, ಸ್ವಿಚ್ಚು ಬರೆದು ಗೆರೆ ಎಳೆದು ಮಂಡಲ ಪೂರ್ತಿ ಮಾಡಿಸುತ್ತೇನೆ. ಸ್ವಿಚ್ಚು ಬರೆಯುವುದನ್ನು ಮರೆತವರ ಕಿವಿ ಹಿಂಡಿದ್ದೂ ಉಂಟು. ‘ಸ್ವಿಚ್ಚಿಲ್ಲದಿದ್ರೆ ಆ ಬಲ್ಬು ಆರಿಸೋರು ಯಾರಯ್ಯಾ, ನಿಮ್ಮಪ್ಪ ಬರ್ತಾನಾ?’ ಎಂದು ಗದರುತ್ತಿದ್ದೆ. ಕ್ಲಾಸಿನವರೆಲ್ಲ ನಗುತ್ತಿದ್ದರು, ನಾನೂ ಮೀಸೆಯಡಿ ನಗುತ್ತಿದ್ದೆ. ಈಗ ಆ ಪಾಠ ಬಂದರೆ ಆ ಮಾತು ಬಾಯಿಗೆ ಬರುವುದಿಲ್ಲ.

ಮನೆ ಇರುವುದು ಮಧುಗಿರಿಯಲ್ಲಿ, ಸ್ಕೂಲು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಮಿಡಿಗೇಶಿ ಮೇಲೆ ಹೋಗುವ ಬಸ್ಸಿಗೆ ನಾವು ಏಳೆಂಟು ಜನ ಮೇಷ್ಟ್ರುಗಳು ಒಟ್ಟಿಗೆ ಹತ್ತುತ್ತೇವೆ, ಸಂಜೆ ಒಟ್ಟಿಗೆ ಇಳಿಯುತ್ತೇವೆ. ಹಾಗಾಗಿ ದಿನಾ ಓಡಾಡಲು ಕಾರು ಬೇಕಿರಲಿಲ್ಲ. ಬೇಕಾಗಿದ್ದದ್ದು ಅವ್ವನಿಗೆ. ಹೊಳವನಹಳ್ಳಿಯಲ್ಲಿ ನನ್ನ ಅಕ್ಕನ ಮನೆಯಿದೆ. ಭಾನುವಾರ ಬಂತೆಂದರೆ ಅವ್ವನಿಗೆ ಮಗಳ ಮುಖ ನೋಡಲೇಬೇಕು, ಆದರೆ ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅವಳಿಗೋಸ್ಕರ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ.

ಕಾರಿಗೆ ಸೀಟ್ ಕವರು ಹಾಕಿಸಲು ಸಿರಾಕ್ಕೆ ಹೋದಾಗ ಅವ್ವನೂ ಜೊತೆಗಿದ್ದಳು. ಆ ಅಂಗಡಿಯಲ್ಲಿ ಕಾರಿನ ಮುಂದೆ ಇಡುವ ದೇವರ ಪುಟ್ಟ ಮಂಟಪಗಳಿದ್ದವು. ದೇವರ ಪಾದದ ಹತ್ತಿರ ಜೋಳದ ಕಾಳಿನಷ್ಟು ಕೆಂಪು ಬಲ್ಬು. ಅವ್ವನಿಗೆ ಅದು ಬಹಳ ಹಿಡಿಸಿತು. ಅಂಗಡಿಯವನು ಕೂರಿಸಿ, ವೈರು ಕೊಟ್ಟು, ಕೀಲಿ ತಿರುಗಿಸಿ ತೋರಿಸಿದ. ಬಲ್ಬು ಹತ್ತಿತು. ಕೀಲಿ ತೆಗೆದಾಗ ಬಲ್ಬು ಹೋಯಿತು. ಅವ್ವನ ಮುಖವೂ ಸಪ್ಪಗಾಯಿತು.

‘ಇದೇನಪ್ಪ, ದೇವ್ರ ಮುಂದ್ಲು ದೀಪ ಇಂಗೆ ಗಳಿಗೆಗೊಂದ್ಸಲ ಶಾಂತವಾದ್ರೆ? ನಮ್ಮನೇಲಿ ಅಂಗೆ ಬುಟ್ಟಿದೀವಾ?’ ಎಂದಳು.

ದೇವರ ದೀಪ ಆರಿತು ಎಂದು ಅವಳು ಯಾವತ್ತೂ ಹೇಳುವವಳಲ್ಲ, ಶಾಂತವಾಯಿತು ಎಂದೇ ಹೇಳುವುದು. ಮನೆಯ ದೇವರ ಗೂಡಿನಲ್ಲೂ ಒಂದು ಸಣ್ಣ ಕೆಂಪು ಬಲ್ಬು ಹಗಲೂ ರಾತ್ರಿ ಉರಿಯುತ್ತದೆ. ನಾನು ಅಂಗಡಿಯವನಿಗೆ, ‘ಕೀಲಿ ಗೀಲಿ ಬೇಡ, ಡೈರೆಕ್ಟಾಗಿ ಕೊಟ್ಬುಡಪ್ಪ’ ಎಂದೆ. ಅವನು ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ, ಬಾನೆಟ್ ಎತ್ತಿ ಬ್ಯಾಟರಿಯಿಂದಲೇ ವೈರು ಎಳೆದು ಕೊಟ್ಟ. ಅವ್ವ ಕೈ ಮುಗಿದಳು. ಆ ವಿಷಯ ನನ್ನ ತಲೆಯಿಂದ ಅವತ್ತೇ ಇಳಿದುಹೋಯಿತು.

ಮನೆ ಮುಂದೆ ಕಾರು ನಿಲ್ಲಿಸಿ ಧೂಳಿಗೆ ಕವರು ಹೊದಿಸುತ್ತಿದ್ದೆ. ಒಂದೆರಡು ತಿಂಗಳು ಹೇಗೋ ನಡೆಯಿತು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ ಎಂಜಿನ್ ತಿರುಗಲೇ ಇಲ್ಲ. ಒಳಗೆಲ್ಲೋ ಟಕಟಕಟಕ ಎಂದು ಸದ್ದು. ಮೀಟರಿನ ಹಿಂದೆ ಇದ್ದಬದ್ದ ದೀಪಗಳೆಲ್ಲ ಒಟ್ಟಿಗೆ ಹತ್ತಿದವು: ಬ್ಯಾಟರಿಯ ಕೆಂಪು ಚಿತ್ರ, ಎಂಜಿನ್ನಿನ ಹಳದಿ ಚಿತ್ರ, ಇನ್ನೂ ಏನೇನೋ. ಅಕ್ಕಪಕ್ಕದವರು ತಳ್ಳಿದರು. ಕಾರು ಕೆಮ್ಮಿ ಸ್ಟಾರ್ಟ್ ಆಯಿತು, ಆದರೆ ಹಳದಿ ಎಂಜಿನ್ ಚಿತ್ರ ಹೋಗಲಿಲ್ಲ. ಎಂಜಿನ್ನೇ ಕೆಟ್ಟಿತಲ್ಲಪ್ಪ, ಹಳೇ ಗಾಡಿ ತಗೊಂಡು ಕೆಟ್ಟೆ ಎಂದುಕೊಂಡು ಹೊಳವನಹಳ್ಳಿಯ ದಾರಿ ಬಿಟ್ಟು ಮೆಕ್ಯಾನಿಕ್ಕಿನ ಹತ್ತಿರ ಹೋದೆ.

ಸಿರಾ ರಸ್ತೆಯಲ್ಲಿ ಅವನದೊಂದು ತಗಡಿನ ಶೆಡ್ಡು. ವಾಹನಗಳ ಎಲೆಕ್ಟ್ರಿಕ್ ಕೆಲಸ ಮಾತ್ರ ಮಾಡುತ್ತಿದ್ದ. ಪಾವಗಡದ ಕಡೆಯವನು, ನಲವತ್ತರ ಆಸುಪಾಸು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಬಸ್ಸಿನ ಮೇಷ್ಟ್ರುಗಳೆಲ್ಲ ತಮ್ಮ ಗಾಡಿಗಳನ್ನು ಅವನ ಹತ್ತಿರವೇ ಬಿಡುತ್ತಿದ್ದರು. ಬೇಡದ ಸಾಮಾನು ಹಾಕುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂಬ ಹೆಸರಿತ್ತು. ಅಂಗಡಿ ಎಂದು ಅವನಿಗೆ ಇದ್ದದ್ದು ಆ ಹೆಸರೇ, ಉಳಿದದ್ದೆಲ್ಲ ನಾಲ್ಕು ತಗಡು. ಆ ದಿನಗಳಲ್ಲಿ ಒಂದು ಖಾಸಗಿ ಶಾಲೆಯ ವ್ಯಾನುಗಳ ಕೆಲಸವೂ ಅವನಿಗೆ ಸಿಗುವುದರಲ್ಲಿತ್ತು. ಅದು ಸಿಕ್ಕಿದರೆ ವರ್ಷಪೂರ್ತಿ ಕೆಲಸ, ಹೆಂಡತಿ ಮಕ್ಕಳನ್ನೂ ಇಲ್ಲಿಗೇ ಕರೆಸಿಕೊಳ್ಳುತ್ತೇನೆ ಎನ್ನುತ್ತಿದ್ದ.

ಅವನು ಹಳದಿ ದೀಪವನ್ನು ನೋಡಿ ಹೆದರಲೇ ಇಲ್ಲ. ‘ಇದು ಎಂಜಿನ್ ಕಂಪ್ಲೇಂಟ್ ಕಾದು ಸಾರ್, ಅಲ್ವೇ ಅಲ್ಲ. ಕರೆಂಟ್ ಕಡ್ಮೆ ಆದ್ರೆ ಇವೆಲ್ಲಾ ಒಟ್ಗೆ ಅಳ್ತಾವೆ, ಹೊಟ್ಟೆ ಹಸಿದ ಮಕ್ಳಿದ್ದಂಗೆ’ ಎಂದ. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರು ಹುಯ್ದು ತೊಳೆದ. ಮೀಟರ್ ಹಿಡಿದು ಎಂಜಿನ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ ನೋಡಿದ. ಚಾರ್ಜಿಂಗ್ ಸರಿಯಾಗಿದೆ, ಬ್ಯಾಟರಿ ಸ್ವಲ್ಪ ಹಳೇದು, ಆದರೆ ಇನ್ನೊಂದು ಮಳೆಗಾಲ ಬರುತ್ತದೆ ಎಂದ. ಆಮೇಲೆ ಕೈ ಒರೆಸಿಕೊಳ್ಳುತ್ತಾ ಪ್ರಶ್ನೆ ಶುರು ಮಾಡಿದ. ದಿನಾ ಓಡಿಸ್ತೀರಾ? ಎಷ್ಟು ದಿನ ನಿಲ್ಲಿಸ್ತೀರಾ? ಡೋರ್ ಸರಿಯಾಗಿ ಹಾಕ್ಕೊಳ್ತದಾ? ಒಳಗಿನ ಲೈಟ್ ಆರ್ತದಾ? ಬ್ಯಾಟರಿಯಿಂದ ಡೈರೆಕ್ಟಾಗಿ ಏನಾದ್ರೂ ಲೈನ್ ತಗೊಂಡಿದೀರಾ, ಹಾರ್ನು, ಟೇಪು, ಏನಾದ್ರೂ?

ಹಿಂದಿನ ಸೀಟಿನಲ್ಲಿ ಅವ್ವ ಬೆವರುತ್ತಿದ್ದಳು. ಅಕ್ಕ ಎರಡು ಸಲ ಫೋನ್ ಮಾಡಿದ್ದಳು. ‘ಎಂತದೂ ಇಲ್ಲ ಕಣಯ್ಯಾ, ಕಂಪನಿಯಿಂದ ಬಂದಂಗೇ ಐತೆ’ ಎಂದೆ.

ಅವನು ತಲೆಯಾಡಿಸಿ ಬಾನೆಟ್ ಮುಚ್ಚಿದ. ಹೊಳವನಹಳ್ಳಿ ತಲುಪುವಷ್ಟರಲ್ಲಿ ಹಳದಿ ದೀಪವೂ ತಾನಾಗಿ ಹೋಗಿತ್ತು. ಅಕ್ಕನ ಮನೆಯಲ್ಲಿ ಮುದ್ದೆ ಉಣ್ಣುತ್ತಾ ಅವನನ್ನು ಬಾಯ್ತುಂಬ ಹೊಗಳಿದೆ.

ಮುಂದಿನ ಶನಿವಾರ ಮಧ್ಯಾಹ್ನ ನಾನು ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಅವ್ವ ಬಾಗಿಲಿಗೆ ಬಂದಳು. ಕಾರಿನ ಕವರು ಎತ್ತಿ ದೇವರಿಗೆ ಕೈ ಮುಗಿಯುವುದು ಅವಳ ದಿನದ ಕೆಲಸ.

‘ಕಾರ್ನಾಗೆ ದೀಪ ಶಾಂತವಾಗೈತೆ ಕಣ್ಲಾ ಮಗ. ಸುಕ್ರವಾರ ಮಿಣಿಮಿಣಿ ಅಂತಿತ್ತು, ಇವತ್ತು ಇಲ್ಲ’ ಎಂದಳು.

‘ಬ್ಯಾಟರಿ ಹೋಗೈತೆ ಅಂತ ಅರ್ಥ ಕಣವ್ವ. ಬ್ಯಾಟರಿ ಇಲ್ದಿದ್ರೆ ದೀಪ ಹೆಂಗುರಿತೈತೆ?’ ಎಂದೆ.

ನನ್ನ ಮಾತು ತಪ್ಪಲ್ಲ. ಆದರೆ ಅದನ್ನು ತಿರುಗಿಸಿ ನೋಡುವಷ್ಟು ಬುದ್ಧಿ, ಇಷ್ಟು ವರ್ಷ ಪಾಠ ಮಾಡಿದ ಈ ತಲೆಗೆ ಬರಲಿಲ್ಲ. ಅವ್ವ ಅವತ್ತು ನನಗೆ ರೋಗದ ಹೆಸರನ್ನೇ ಹೇಳಿದ್ದಳು. ನಾನು ಅವಳಿಗೇ ಪಾಠ ಹೇಳಿದೆ.

ಮತ್ತೆ ತಳ್ಳುವುದು, ಮತ್ತೆ ಅವನ ಶೆಡ್ಡು. ಅವನು ಬ್ಯಾಟರಿ ಬಿಚ್ಚಿಕೊಂಡು ಚಾರ್ಜಿಗೆ ಹಾಕಿ ಮರುದಿನ ಕೂರಿಸಿದ. ಅದರ ಮುಂದಿನ ವಾರ ಮತ್ತೆ ಅದೇ ಟಕಟಕ. ಈ ಸಲ ನಾನೇ, ‘ಹಳೇದು ಬಿಸಾಕಿ ಹೊಸದು ಹಾಕಯ್ಯ, ಸಾಕಾಯ್ತು’ ಎಂದು ಹಠ ಹಿಡಿದೆ. ಅವನು ತಲೆ ಕೆರೆದುಕೊಂಡ. ‘ಹಳೇದು ಇಷ್ಟ್ ಬೇಗ ಇಳೀಬಾರ್ದು ಸಾರ್, ನಂಗೆ ಸಮಾಧಾನ ಲೇದು’ ಎಂದ. ಆದರೂ ನನ್ನ ಮಾತಿಗೆ ಹೊಸದು ತಂದು ಕೂರಿಸಿದ.

ಆಮೇಲೆ ಪರೀಕ್ಷೆಯ ಕೆಲಸ ಬಂದು ಎರಡು ಭಾನುವಾರ ನಾನು ಕಾರು ತೆಗೆಯಲಿಲ್ಲ. ಅವ್ವ ಮತ್ತೆ ದೀಪದ ಮಾತೆತ್ತಿದಾಗ, ಹೊಸ ಬ್ಯಾಟರಿ ಇದೆಯಲ್ಲ ಎಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೇ ಭಾನುವಾರ ಅಕ್ಕನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಅವ್ವ ಹೊಸ ಸೀರೆಯುಟ್ಟು, ಮಗುವಿಗೆ ಬೆಳ್ಳಿಯ ಉಡಿದಾರ ಸೆರಗಿನಲ್ಲಿ ಕಟ್ಟಿಕೊಂಡು ಕಾರಿನಲ್ಲಿ ಕೂತಳು. ಕೀಲಿ ತಿರುಗಿಸಿದೆ. ಟಕ್ ಎಂಬ ಸದ್ದು ಕೂಡ ಬರಲಿಲ್ಲ. ಹೊಸ ಬ್ಯಾಟರಿ, ಒಂದು ದೀಪವೂ ಹತ್ತಲಿಲ್ಲ. ಆಟೋ ಹುಡುಕಿ, ಕೊರಟಗೆರೆಯಲ್ಲಿ ಇನ್ನೊಂದು ಆಟೋ ಬದಲಾಯಿಸಿ ಹೊಳವನಹಳ್ಳಿ ಮುಟ್ಟಿದಾಗ ಹೆಸರಿಟ್ಟು ಎಲ್ಲರ ಊಟ ಮುಗಿದಿತ್ತು. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕೆಂದು ಅವ್ವ ತಿಂಗಳಿನಿಂದ ಕಾದಿದ್ದಳು. ಅವಳು ಉಡಿದಾರ ಕಟ್ಟಿ ಮೂಲೆಯಲ್ಲಿ ಕೂತಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲೇ ಅವನ ಶೆಡ್ಡಿಗೆ ಹೋದೆ. ಇಬ್ಬರು ಮೇಷ್ಟ್ರುಗಳು ಅಲ್ಲಿದ್ದರು. ಪಕ್ಕದ ಟೀ ಅಂಗಡಿಯಲ್ಲೂ ಜನ. ನನ್ನ ಗಂಟಲು ಮೊದಲೇ ದೊಡ್ಡದು, ಮೂವತ್ತು ಬೆಂಚಿನ ಆಚೆಗೂ ಕೇಳಿಸಿ ರೂಢಿ.

‘ಹಳೇ ಬ್ಯಾಟರಿಗೆ ಹೊಸ ಸ್ಟಿಕ್ಕರ್ ಹಚ್ಚಿ ಹಾಕಿದೀಯಲ್ಲೋ? ಮೇಷ್ಟ್ರು, ಅವನಿಗೇನ್ ಗೊತ್ತಾಗ್ತದೆ ಅಂದ್ಕೊಂಡ್ಯಾ?’ ಎಂದೆ.

ಅವನು ಸ್ಪ್ಯಾನರ್ ಕೆಳಗಿಟ್ಟ. ‘ಸಾರ್, ಅಟ್ಲಾ ಅನ್ಬೇಡಿ. ಗಾಡೀಲಿ ಏನೋ ಕರೆಂಟ್ ತಿಂತಾ ಐತೆ. ಮೂರು ದಿನ ನನ್ ಹತ್ರ ಬುಡಿ, ಒಂದೊಂದೇ ವೈರ್ ಬಿಚ್ಚಿ ನೋಡ್ತೀನಿ’ ಎಂದ.

‘ಮೂರು ದಿನ ಬುಟ್ರೆ ಇನ್ನೇನೇನ್ ಬಿಚ್ಕೊತೀಯೋ ಯಾರಿಗೆ ಗೊತ್ತು’ ಎಂದೆ.

ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಅವನು ಸ್ಪ್ಯಾನರ್ ಎತ್ತಿಕೊಂಡು ಕೆಲಸಕ್ಕೆ ಬಗ್ಗಿದ. ಅವತ್ತು ಸಂಜೆ ಮನೆಗೆ ಬಂದು, ತನ್ನ ಬ್ಯಾಟರಿ ಬಿಚ್ಚಿಕೊಂಡು, ಹಳೇದನ್ನೇ ಚಾರ್ಜ್ ಮಾಡಿ ಕೂರಿಸಿ, ನಾನು ಕೊಟ್ಟಿದ್ದ ದುಡ್ಡನ್ನು ಅವ್ವನ ಕೈಗೆ ಕೊಟ್ಟು ಹೋದನಂತೆ. ನಾನಿರಲಿಲ್ಲ. ಅವ್ವ ಕಾಫಿ ಕುಡಿದು ಹೋಗು ಎಂದಳಂತೆ, ಕುಡಿಯಲಿಲ್ಲವಂತೆ.

ಅಷ್ಟಕ್ಕೇ ಬಿಡಬಹುದಿತ್ತು. ನಾನು ಬಿಡಲಿಲ್ಲ. ಮಧುಗಿರಿ ಕಡೆಯ ಮೇಷ್ಟ್ರುಗಳ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಸಿರಾ ರಸ್ತೆಯ ಎಲೆಕ್ಟ್ರಿಷಿಯನ್ ಹಳೇ ಬ್ಯಾಟರಿಗೆ ಸ್ಟಿಕ್ಕರ್ ಹಚ್ಚುತ್ತಾನೆ, ಗಾಡಿ ಬಿಡುವವರು ಹುಷಾರು, ಸಿಕ್ಕಿಬಿದ್ದ ಮೇಲೆ ದುಡ್ಡು ವಾಪಸ್ ಕೊಟ್ಟಿದ್ದಾನೆ ಎಂದು. ಮರ್ಯಾದೆಗಂಜಿ ಕೊಟ್ಟ ದುಡ್ಡನ್ನೇ ತಪ್ಪೊಪ್ಪಿಗೆ ಎಂದು ತೋರಿಸಿದೆ. ಮೇಷ್ಟ್ರು ಬರೆದದ್ದನ್ನು ಯಾರು ಅನುಮಾನ ಪಡುತ್ತಾರೆ? ಹೌದಾ ಸಾರ್, ಒಳ್ಳೇದಾಯ್ತು ಹೇಳಿದ್ದು ಎಂದು ಸಾಲುಸಾಲು ಬಂತು. ಇನ್ನೊಬ್ಬರು ತಮ್ಮ ಸ್ಕೂಟರಿನ ಹಾರ್ನು ಕೆಟ್ಟದ್ದನ್ನೂ ಅವನ ತಲೆಗೇ ಕಟ್ಟಿದರು. ಆ ಖಾಸಗಿ ಶಾಲೆಯ ಮುಖ್ಯಸ್ಥರೂ ಅದೇ ಗುಂಪಿನಲ್ಲಿದ್ದರು. ವ್ಯಾನುಗಳ ಕೆಲಸ ತುಮಕೂರಿನವರ ಪಾಲಾಯಿತು.

ನಾನು ಬೇರೆ ಕಡೆಯಿಂದ ಇನ್ನೊಂದು ಹೊಸ ಬ್ಯಾಟರಿ ಹಾಕಿಸಿದೆ. ಅಷ್ಟರಲ್ಲಿ ಬೇಸಿಗೆ ರಜೆ. ಅವ್ವನ ಮಂಡಿಗೆ ಎಣ್ಣೆ ತಿಕ್ಕಿಸಲು ದಿನಾ ಕೊರಟಗೆರೆಗೆ ಕರೆದುಕೊಂಡು ಹೋಗುತ್ತಿದ್ದೆ. ದಿನಾ ಓಡುವ ಕಾರಿಗೆ ಏನು ಕಾಯಿಲೆ? ಒಂದು ದಿನವೂ ತಳ್ಳಲಿಲ್ಲ, ದೀಪವೂ ಶಾಂತವಾಗಲಿಲ್ಲ. ‘ನೋಡಿದ್ರಾ, ಸರಿಯಾದ ಬ್ಯಾಟರಿ ಅಂದ್ರೆ ಇದು’ ಎಂದು ಸಿಕ್ಕಸಿಕ್ಕವರಿಗೆ ಹೇಳಿದೆ. ರಜೆ ಮುಗಿದ ಮೇಲೂ ಸಂಜೆ ಅವ್ವನನ್ನು ಒಂದು ಸುತ್ತು ಕರೆದುಕೊಂಡು ಹೋಗುವ ಅಭ್ಯಾಸ ಉಳಿಯಿತು. ಹಾಗಾಗಿ ನನ್ನ ಸುಳ್ಳು ಸುಮಾರು ಎರಡು ವರ್ಷ ನಿಜದ ಹಾಗೇ ಓಡಾಡಿಕೊಂಡಿತ್ತು.

ಅವನ ಶೆಡ್ಡಿನ ಮುಂದೆ ಮೊದಲು ಗಾಡಿಗಳು ಕಡಿಮೆಯಾದವು. ಆಮೇಲೆ ಅವನೊಬ್ಬನೇ ಬಕೆಟ್ ಬೋರಲು ಹಾಕಿಕೊಂಡು ಕೂತಿರುತ್ತಿದ್ದ. ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಒಂದು ದಿನ ಆ ತಗಡಿನ ಮೇಲೆ ಕಬ್ಬಿನ ಹಾಲಿನ ಬೋರ್ಡು ಬಂತು. ‘ಮೋಸ ಎಷ್ಟು ದಿನ ನಡೀತದೆ’ ಎಂದು ಪಕ್ಕದ ಸೀಟಿನವರಿಗೆ ಹೇಳಿದ್ದು ನಾನೇ.

ಕಳೆದ ವರ್ಷ ಸಿರಾ ತಾಲ್ಲೂಕಿನ ಮದಲೂರಿನಲ್ಲಿ ನನ್ನ ಹೆಂಡತಿಯ ತಮ್ಮ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ವಾರ ಮೊದಲೇ ಹೋಗಿ ಉಳಿದೆವು. ಕಾರನ್ನು ಕೆರೆ ಏರಿಯ ಕೆಳಗೆ ಹುಣಸೆ ಮರದಡಿ ನಿಲ್ಲಿಸಿದ್ದೆ. ಎಲ್ಲ ಮುಗಿಸಿ ಹೊರಡುವ ದಿನ ಕೀಲಿ ತಿರುಗಿಸಿದರೆ ಮತ್ತೆ ಅದೇ ಟಕಟಕಟಕ. ಅದೇ ಕೆಂಪು, ಅದೇ ಹಳದಿ. ಈ ಬ್ಯಾಟರಿ ಅವನದಲ್ಲವಲ್ಲ.

ಸಿರಾದಿಂದ ಒಬ್ಬ ಹಿರಿಯ ಮೆಕ್ಯಾನಿಕ್ ಬೈಕಿನ ಹಿಂದೆ ಬ್ಯಾಟರಿ ಕಟ್ಟಿಕೊಂಡು ಬಂದರು. ಬಿಳಿ ಗಡ್ಡ, ಉರ್ದು ಬೆರೆತ ಕನ್ನಡ. ಅವರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಾವು ತಂದ ಬ್ಯಾಟರಿ ಇಟ್ಟು, ಮೈನಸ್ ವೈರನ್ನು ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಒಂದು ಟೆಸ್ಟ್ ಬಲ್ಬನ್ನು ಹಿಡಿದರು. ಬಲ್ಬು ಮಂಕಾಗಿ ಹತ್ತಿತು.

‘ಕೀಲಿ ನಿಮ್ ಜೇಬಲ್ಲಿದೆ ಸಾಬ್. ಎಲ್ಲಾ ಬಂದ್. ಆದ್ರೂ ಯಾರೋ ಕುಡೀತಾವ್ರೆ’ ಎಂದರು.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರು. ಬಲ್ಬು ಉರಿಯುತ್ತಲೇ ಇತ್ತು. ಆಮೇಲೆ ಬ್ಯಾಟರಿಯ ಪ್ಲಸ್ಸಿನ ದಪ್ಪ ವೈರಿಗೆ ಟೇಪಿನೊಳಗೆ ಕಾಣದ ಹಾಗೆ ಸೇರಿಸಿದ್ದ ಒಂದು ತೆಳು ಕೆಂಪು ವೈರನ್ನು ಬೆರಳಿನಲ್ಲಿ ಹಿಡಿದು ಅದು ಹೋದ ಕಡೆ ಹೋದರು. ವೈರು ಒಂದು ರಂಧ್ರದಲ್ಲಿ ನುಗ್ಗಿ ಒಳಗೆ ಬಂದು ದೇವರ ಮಂಟಪದ ಕೆಳಗೆ ನಿಂತಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

‘ಇದು ನೀವೇ ಬಿಚ್ಚಿ ಸಾಬ್. ದೇವರ ಜಾಗ, ನಾನು ಮುಟ್ಟಲ್ಲ’ ಎಂದರು.

ನಾನು ಬಿಚ್ಚಿದೆ. ದೇವರ ಮುಂದಿನ ಕೆಂಪು ಬಲ್ಬು ಹೋಯಿತು, ಅವರ ಕೈಯಲ್ಲಿದ್ದ ಬಲ್ಬೂ ಹೋಯಿತು. ಮರದಡಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವ್ವ ಎಲ್ಲವನ್ನೂ ನೋಡುತ್ತಿದ್ದಳು.

‘ನಾನು ವಾರವಾರ ಯೋಳ್ತಿದ್ನಲ್ಲೋ, ದೀಪ ಶಾಂತವಾಗೈತೆ ಅಂತ’ ಎಂದಳು. ಆಮೇಲೆ, ‘ಅಂಗಾರೆ ಆ ಹುಡುಗುಂದೇನೂ ತಪ್ಪಿರ್ನಿಲ್ವಾ?’ ಎಂದು ಕೇಳಿದಳು. ಅವಳಿಗೆ ನಲವತ್ತರವನೂ ಹುಡುಗನೇ.

ನಾನು ಕೆರೆ ಏರಿ ಹತ್ತಿ ನಿಂತೆ. ಸ್ವಿಚ್ಚಿಲ್ಲದ ಮಂಡಲ. ಯಾರೂ ಕಾಣದ ಕವರಿನ ಕೆಳಗೆ ವಾರವಿಡೀ ಉರಿಯುವ ಬಲ್ಬು. ಅದನ್ನು ಡೈರೆಕ್ಟಾಗಿ ಕೊಡು ಎಂದು ಹೇಳಿದವನೂ ನಾನೇ. ನಾಚಿಕೆ ಅನ್ನುವ ಪದವನ್ನು ಅಲ್ಲಿಯವರೆಗೆ ಬೇರೆಯವರಿಗೆ ಬೈಯಲು ಮಾತ್ರ ಬಳಸಿದ್ದೆ.

ಮನೆಗೆ ಬಂದವನೇ ಅದೇ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ತಪ್ಪು ನನ್ನದು, ಆತನ ಬ್ಯಾಟರಿ ಹೊಸದೇ ಆಗಿತ್ತು, ಆತ ಪ್ರಾಮಾಣಿಕ ಎಂದು. ನಾಲ್ಕು ಜನ ಹೆಬ್ಬೆರಳು ಎತ್ತಿದರು. ಒಬ್ಬರು ಯಾವ ವಿಷಯ ಸಾರ್ ಎಂದು ಕೇಳಿದರು. ಅದರ ಕೆಳಗೆ ಯಾರೋ ತರಬೇತಿಯ ಸುತ್ತೋಲೆ ಹಾಕಿದರು, ಇನ್ನಾರೋ ಶುಭೋದಯದ ಹೂವು ಹಾಕಿದರು, ನನ್ನ ತಪ್ಪೊಪ್ಪಿಗೆ ಮೇಲಕ್ಕೆ ಸರಿದುಹೋಯಿತು. ಕೆಡಿಸಿದಾಗ ಓದಿದವರು ಕಟ್ಟಲು ಹೋದಾಗ ಓದಲಿಲ್ಲ. ಅವರ ಮೇಲೆ ಸಿಟ್ಟು ಮಾಡುವ ಹಕ್ಕೂ ನನಗಿರಲಿಲ್ಲ.

ಕಬ್ಬಿನ ಹಾಲಿನ ಅಂಗಡಿಯವನನ್ನು ಕೇಳಿ, ಪಾವಗಡದಲ್ಲಿ ಇಬ್ಬರನ್ನು ವಿಚಾರಿಸಿ, ಒಂದು ಸಂಜೆ ಸ್ಕೂಲು ಮುಗಿಸಿ ಅವನ ಮನೆಗೆ ಹೋದೆ. ಅವತ್ತು ಬೇಕೆಂದೇ ಕಾರಿನಲ್ಲಿ ಸ್ಕೂಲಿಗೆ ಬಂದಿದ್ದೆ. ಬೆಟ್ಟದ ಕೋಟೆಯ ಬುಡದಲ್ಲಿ ಎರಡು ಕೋಣೆಯ ಮನೆ. ಸೋಲಾರ್ ಪ್ಲಾಂಟಿನಲ್ಲಿ ಕೆಲಸಕ್ಕೆ ಹೋಗುತ್ತಾನೆ, ಫಲಕಗಳ ಸಾಲಿನಲ್ಲಿ ವೈರು ನೋಡಿಕೊಳ್ಳುವುದು, ದಿನವಿಡೀ ಬಿಸಿಲು ಎಂದು ದಾರಿ ತೋರಿಸಿದವರು ಹೇಳಿದರು. ಮೊದಲಿಗಿಂತ ಕಪ್ಪಾಗಿದ್ದ. ನನ್ನನ್ನು ಕಂಡು ಬಾಗಿಲಲ್ಲೇ ಒಂದು ಕ್ಷಣ ನಿಂತ. ಆಮೇಲೆ ಒಳಗಿದ್ದ ಹೆಂಡತಿಗೆ, ‘ಮಧುಗಿರಿ ಸಾರ್ ಒಚ್ಚಿನಾರು, ಕಾಫಿ ಪೆಟ್ಟು’ ಎಂದು ತೆಲುಗಿನಲ್ಲಿ ಕಾಫಿ ಇಡಲು ಹೇಳಿದ.

‘ನಿಮ್ಮ ಹತ್ತಿರ ಒಂದು ಮಾತು ಹೇಳ್ಬೇಕು ಅಂತ ಬಂದೆ’ ಎಂದೆ.

‘ನೀವು ಗೀವು ಅನ್ಬೇಡಿ ಸಾರ್, ಮೊದಲಿನಂಗೇ ಅನ್ನಿ’ ಎಂದ. ಕುರ್ಚಿ ಎಳೆದು ಹಾಕಿದ.

ಕಾಫಿ ಬಂತು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಆ ಬೀದಿಯೆಲ್ಲ ಮಬ್ಬಾಯಿತು. ಅವನು ಎದ್ದು ಗೋಡೆಯ ಮೇಲಿನ ಸ್ವಿಚ್ಚು ಒತ್ತಿದ. ತಲೆಯ ಮೇಲೆ ಒಂದು ಸಣ್ಣ ಬಲ್ಬು ಬೆಳ್ಳಗೆ ಹತ್ತಿತು. ಮೂಲೆಯಲ್ಲಿ ಹಲಗೆಯ ಮೇಲೆ ಒಂದು ಕಾರಿನ ಬ್ಯಾಟರಿ ಇತ್ತು, ಅದರಿಂದ ವೈರು ಮೇಲೆ ಹೋಗಿತ್ತು. ನಾನು ಅದನ್ನೇ ನೋಡುತ್ತಿದ್ದುದು ಅವನಿಗೆ ತಿಳಿಯಿತು.

‘ನಿಮ್ ಗಾಡೀದೇ ಸಾರ್. ಮಾರೋಣ ಅಂತ ಇಟ್ಕೊಂಡಿದ್ದೆ. ಸ್ಟಿಕ್ಕರ್ ಬ್ಯಾಟರಿ ಅಂತ ಹೆಸ್ರಾದ್ಮೇಲೆ ಯಾರೂ ತಗೊಳ್ಲಿಲ್ಲ. ಚೆನ್ನಾಗೈತೆ, ಇನ್ನೂ ವೀಕ್ ಆಗಿಲ್ಲ’ ಎಂದ. ಅದರಲ್ಲಿ ಚುಚ್ಚು ಇರಲಿಲ್ಲ. ಬ್ಯಾಟರಿಯ ಬಗ್ಗೆ ಹೇಳುತ್ತಿದ್ದ, ಅಷ್ಟೆ.

ನಾನು ಎಲ್ಲವನ್ನೂ ಹೇಳಿದೆ. ದೇವರ ಮಂಟಪ, ಅವ್ವನ ಮಾತು, ಡೈರೆಕ್ಟಾಗಿ ಕೊಟ್ಟ ವೈರು, ಮದಲೂರಿನ ಹುಣಸೆ ಮರ, ಗುಂಪಿನಲ್ಲಿ ಈಗ ಬರೆದದ್ದು. ಮಧುಗಿರಿಗೆ ವಾಪಸ್ ಬಾ, ನಾನೇ ಮುಂದೆ ನಿಂತು ಜಾಗ ನೋಡಿ ಕೊಡುತ್ತೇನೆ ಎಂದೂ ಹೇಳಿದೆ. ಅವನು ಕಾಫಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದ.

‘ಬೇಡ ಸಾರ್, ಪರ್ವಾಲೇದು. ಮಕ್ಳು ಇಲ್ಲೇ ಸ್ಕೂಲಿಗೆ ಸೇರವ್ರೆ. ಮತ್ತೆ ಹೋಗಿ ಎಲ್ರ ಮುಖ ನೋಡೋಕೆ ನಂಗಾಗಲ್ಲ’ ಎಂದ. ಆಮೇಲೆ, ‘ದೇವ್ರ ದೀಪ ನಾನೂ ನೋಡಿದ್ದೆ ಸಾರ್. ನಂಗೂ ಒಂದು ಅನುಮಾನ ಇತ್ತು. ಅದಕ್ಕೇ ಮೊದಲ್ನೇ ದಿನಾನೇ ಕೇಳ್ದೆ, ಡೈರೆಕ್ಟಾಗಿ ಏನಾದ್ರೂ ತಗೊಂಡಿದೀರಾ ಅಂತ. ಇಲ್ಲ ಅಂದ್ರಿ’ ಎಂದ.

ಅವತ್ತಿನ ಬಿಸಿಲು, ಹಿಂದಿನ ಸೀಟಿನ ಅವ್ವ, ಅಕ್ಕನ ಫೋನು ಎಲ್ಲ ಒಮ್ಮೆಲೇ ನೆನಪಾಯಿತು. ಹೌದು, ಅಂದಿದ್ದೆ.

‘ಅನುಮಾನ ಇದ್ರೆ ಒಂದ್ಸಲ ವೈರ್ ಎಳೆದು ನೋಡ್ಬೋದಿತ್ತಲ್ಲಯ್ಯ’ ಎಂದೆ. ಅಷ್ಟು ಹೊತ್ತಿಗೂ ನನಗೆ ತಪ್ಪಿನ ಒಂದು ಚೂರನ್ನು ಅವನ ಕೈಗೆ ದಾಟಿಸುವ ಆಸೆ ಇತ್ತು.

‘ಹೆಂಗ್ ನೋಡೋದು ಸಾರ್? ಮೇಷ್ಟ್ರು ಇಲ್ಲ ಅಂದ್ಮೇಲೆ ನಾನು ಬಿಚ್ಚಿ ನೋಡಿದ್ರೆ, ನಿಮ್ ಮಾತು ನಂಬ್ಲಿಲ್ಲ ಅಂತ ಆಗ್ತಿತ್ತು’ ಎಂದ.

ಕಾಫಿ ಆರಿಹೋಗಿತ್ತು, ಕುಡಿದೆ. ಅವನ ಹೆಂಡತಿ ಬಂದು ಲೋಟ ತೆಗೆದುಕೊಂಡು ಹೋದಳು. ನಾನು ಎದ್ದೆ. ಅವನೂ ಕಾರಿನವರೆಗೆ ಬಂದ. ನಾನು ಕೀಲಿ ತಿರುಗಿಸುವಾಗ ಅವನು ಹಳೆಯ ಅಭ್ಯಾಸದಿಂದ ಬಾನೆಟ್ಟಿನ ಕಡೆ ತಲೆ ಬಗ್ಗಿಸಿ ಕಿವಿಗೊಟ್ಟ. ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಎಲ್ಲ ದೀಪಗಳೂ ಒಮ್ಮೆ ಬಂದು ಆರಿದವು.

‘ಸರಿಯಾಗೈತೆ ಸಾರ್. ಬ್ಯಾಟರಿ ಚೆನ್ನಾಗೈತೆ, ಹೋಗ್ಬನ್ನಿ’ ಎಂದ. ನಾನು ಅವನ ಮುಖ ನೋಡಲಾಗದೆ ಗಾಡಿ ಮುಂದಕ್ಕೆ ಬಿಟ್ಟೆ.